ದೂರು ಮಾಲೀಕನದು, ಹೊಗೆ ನಮ್ಮದು

ಈ ದೇಶದ ಲಾರಿಗಳ ಹೊಗೆಯಲ್ಲಿ ದೋಷವೇ ಇಲ್ಲ. ನನ್ನ ಮಾತಲ್ಲ ಇದು, ಸರ್ಕಾರದ ಕಡತದ ಮಾತು.

ಕಡತ ಬರೆದವರು ಒಮ್ಮೆ ಥಾಣೆ ಬಳಿಯ ನಮ್ಮ ಶಿಳ್‌ಫಾಟಾಕ್ಕೆ ಬರಲಿ. ಕಾರಿನ ಗಾಜು ಇಳಿಸಲಿ. ಆಮೇಲೆ ಮಾತಾಡೋಣ, ಮಾತಾಡುವಷ್ಟು ಉಸಿರು ಉಳಿದಿದ್ದರೆ.

ನ್ಹಾವಾ ಶೇವಾ ಬಂದರಿನ ಕಂಟೇನರು ಗುಜರಾತಿಗೆ ಹೋಗಬೇಕು. ಕಳಂಬೋಲಿಯ ಉಕ್ಕು ಭಿವಂಡಿಗೆ ಹೋಗಬೇಕು. ತಳೋಜದ ಡ್ರಮ್ಮುಗಳು ಎಲ್ಲಿಗೋ ಹೋಗಬೇಕು. ಬೆಳಗಾವಿ, ಹುಬ್ಬಳ್ಳಿ ಕಡೆಯ ತರಕಾರಿ ವಾಶಿಯ ಎಪಿಎಂಸಿಗೆ ಬರಬೇಕು. ಎಲ್ಲಕ್ಕೂ ದಾರಿ ನಮ್ಮ ಕಿಟಕಿಯ ಕೆಳಗೇ. ಮುಂಬ್ರಾ ಬೈಪಾಸ್, ಕಲ್ಯಾಣ್-ಶಿಳ್ ರಸ್ತೆ, ಥಾಣೆ-ಬೇಲಾಪುರ ರಸ್ತೆ, ಘೋಡ್‌ಬಂದರ್. ಹಗಲು ಲಾರಿಗಳಿಗೆ ನಿರ್ಬಂಧ ಹಾಕಿದರು. ಈಗ ಅವು ರಾತ್ರಿ ಒಟ್ಟಿಗೆ ಬರುತ್ತವೆ. ಜನ ಮಲಗಿದಾಗ ಹೊಗೆ ಬಿಟ್ಟರೆ ಅದು ಮಾಲಿನ್ಯವಲ್ಲ ಎಂದು ಯಾವ ಪುಣ್ಯಾತ್ಮ ಕಂಡುಹಿಡಿದನೋ.

ಕಾನೂನಿಲ್ಲವೇ ಎಂದು ಕೇಳಬೇಡಿ. ಕಾನೂನಿಗೆ ಈ ದೇಶದಲ್ಲಿ ಎಂದೂ ಬರಗಾಲ ಬಂದಿಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಬಂತು. 110ಎ ಎಂಬ ಹೊಸ ಸೆಕ್ಷನ್ ಸೇರಿತು. ಒಂದು ಮಾದರಿಯ ವಾಹನದಲ್ಲಿ ದೋಷವಿದ್ದರೆ ಎಲ್ಲವನ್ನೂ ವಾಪಸ್ ಕರೆಸಿ ರಿಪೇರಿ ಮಾಡಿಕೊಡು ಎಂದು ಕೇಂದ್ರ ಸರ್ಕಾರ ತಯಾರಕನಿಗೆ ಹೇಳಬಹುದು. ಎಂಥ ದೋಷ? ಪರಿಸರಕ್ಕೆ, ಚಾಲಕನಿಗೆ, ಪ್ರಯಾಣಿಕರಿಗೆ ಅಥವಾ ರಸ್ತೆಯಲ್ಲಿರುವ ಇತರರಿಗೆ ಹಾನಿ ಮಾಡಬಲ್ಲ ದೋಷ. ಪರಿಸರವೇ ಮೊದಲು, ಗಮನಿಸಿ. ಕಾಯ್ದೆ ಬರೆದವರ ಹೃದಯ ದೊಡ್ಡದು.

ಮುಂದಿನ ಸಾಲಿನಲ್ಲಿ ಬುದ್ಧಿ ಕೆಲಸ ಮಾಡಿದೆ. ದೋಷ ಇದೆ ಎಂದು ಸರ್ಕಾರಕ್ಕೆ ಯಾರು ತಿಳಿಸಬೇಕು? ಆ ವಾಹನದ ಮಾಲೀಕರಲ್ಲಿ ಇಷ್ಟು ಶೇಕಡಾ ಮಂದಿ. ಇಲ್ಲವೇ ಪರೀಕ್ಷಾ ಸಂಸ್ಥೆ. ಇಲ್ಲವೇ ‘ಇತರ ಯಾವುದೇ ಮೂಲ’. 2021ರ ಏಪ್ರಿಲ್ 1ರಿಂದ ನಿಯಮ ಜಾರಿಗೆ ಬಂತು, ದೂರು ಕೊಡಲು ಪೋರ್ಟಲ್ಲೂ ಬಂತು. ಪೋರ್ಟಲ್ ಇರುವುದು ಮಾಲೀಕರಿಗೆ.

ಈಗ ಹೇಳಿ. ಬ್ರೇಕ್ ಹಿಡಿಯದಿದ್ದರೆ ಮಾಲೀಕ ದೂರು ಕೊಡುತ್ತಾನೆ. ಸ್ಟೇರಿಂಗ್ ಅಲುಗಿದರೆ ಕೊಡುತ್ತಾನೆ. ಏರ್‌ಬ್ಯಾಗ್ ಬಿಚ್ಚದಿದ್ದರೆ, ಬದುಕಿದ್ದರೆ, ಕೊಡುತ್ತಾನೆ. ಆದರೆ ತನ್ನ ಲಾರಿಯ ಸೈಲೆನ್ಸರಿನಿಂದ ನೈಟ್ರೋಜನ್ ಆಕ್ಸೈಡ್ ಜಾಸ್ತಿ ಬರುತ್ತಿದೆ, ದಯವಿಟ್ಟು ಪರಿಹರಿಸಿ ಎಂದು ಯಾವ ಮಾಲೀಕ ಅರ್ಜಿ ಹಾಕುತ್ತಾನೆ? ಅವನ ಗಾಡಿ ಓಡುತ್ತಿದೆ. ಬಾಡಿಗೆ ಬರುತ್ತಿದೆ. ಹೊಗೆ ಹಿಂದೆ ಹೋಗುತ್ತದೆ, ಅವನು ಮುಂದೆ ಹೋಗುತ್ತಾನೆ.

ಹಿಂದೆ ಇರುವವರು ನಾವು. ನಮಗೆ ಆರ್‌ಸಿ ಪುಸ್ತಕವಿಲ್ಲ. ಎದೆಯಲ್ಲಿ ಹೊಗೆ ಇದ್ದರೆ ಸಾಲದು, ಹೆಸರಿನಲ್ಲಿ ಲಾರಿ ಇರಬೇಕು. ‘ಇತರ ಯಾವುದೇ ಮೂಲ’ ಇದೆಯಲ್ಲ ಎನ್ನುತ್ತೀರಿ. ಇದೆ. ಡೊಂಬಿವಲಿ, ಕಲ್ಯಾಣ್, ಥಾಣೆ, ನವಿ ಮುಂಬಯಿಯ ಶ್ವಾಸಕೋಶಗಳು ಆ ಪಟ್ಟಿಗೆ ಇನ್ನೂ ಸೇರಿಲ್ಲ, ಅಷ್ಟೆ.

ಲಾರಿಯ ಹೊಟ್ಟೆಯೊಳಗೆ ಏನಿದೆ ಎಂದೂ ಸ್ವಲ್ಪ ನೋಡೋಣ. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್-6 ಎಂಬ ಹೊಗೆ ನಿಯಮ ಬಂತು. ಬಿಎಸ್-4ರಿಂದ ನೇರ 6ಕ್ಕೆ ಹಾರಿದೆವು, 5ನ್ನು ಮುಟ್ಟಲೇ ಇಲ್ಲ. ಹೆಮ್ಮೆಯ ವಿಷಯ. ದೊಡ್ಡ ಡೀಸೆಲ್ ಎಂಜಿನ್ನಿಗೆ ನೈಟ್ರೋಜನ್ ಆಕ್ಸೈಡಿನ ಮಿತಿ ಕಿಲೋವ್ಯಾಟ್ ಗಂಟೆಗೆ 3.5 ಗ್ರಾಮಿನಿಂದ ಅರ್ಧ ಗ್ರಾಮಿಗೂ ಕೆಳಗೆ ಇಳಿಯಿತು. ಇಷ್ಟು ಇಳಿಸುವ ಕೆಲಸ ಮಾಡುವುದು ಸೈಲೆನ್ಸರಿನ ದಾರಿಯಲ್ಲಿ ಕೂತಿರುವ ಒಂದು ಡಬ್ಬ. ಅದರ ಹೆಸರು ಎಸ್‌ಸಿಆರ್. ಬಿಸಿ ಹೊಗೆಯ ಮೇಲೆ ಯೂರಿಯಾ ದ್ರಾವಣ ಸಿಂಪಡಿಸುತ್ತಾರೆ. ನೂರಕ್ಕೆ 32.5 ಪಾಲು ಯೂರಿಯಾ, ಉಳಿದದ್ದು ಶುದ್ಧ ನೀರು. ಬಿಸಿಗೆ ಅದು ಅಮೋನಿಯಾ ಆಗುತ್ತದೆ. ಡಬ್ಬದೊಳಗಿನ ವೇಗವರ್ಧಕದ ಮೇಲೆ ಅಮೋನಿಯಾವೂ ವಿಷವೂ ಕೂಡಿ ನೈಟ್ರೋಜನ್ ಮತ್ತು ನೀರಾವಿಯಾಗಿ ಹೊರಬರುತ್ತವೆ. ಮಸಿ ಹಿಡಿಯಲು ಬೇರೆ ಜಾಲರಿ ಇದೆ, ಡಿಪಿಎಫ್. ಎಲ್ಲವನ್ನೂ ಕಾಯಲು ಸೆನ್ಸರುಗಳಿವೆ.

ಸೊಗಸಾದ ವ್ಯವಸ್ಥೆ. ಕೆಡುವ ತನಕ.

ಎಸ್‌ಸಿಆರ್ ಕೆಟ್ಟರೆ ಏನು ಕಾಣುತ್ತದೆ? ಏನೂ ಕಾಣುವುದಿಲ್ಲ. ಕಪ್ಪು ಹೊಗೆ ಬರುವುದಿಲ್ಲ. ಇಂಥ ಎಂಜಿನ್ನುಗಳನ್ನು ಮಸಿ ಕಡಿಮೆ ಬರುವಂತೆಯೇ ಟ್ಯೂನ್ ಮಾಡಿರುತ್ತಾರೆ, ನೈಟ್ರೋಜನ್ ಆಕ್ಸೈಡನ್ನು ಎಸ್‌ಸಿಆರ್ ನೋಡಿಕೊಳ್ಳುತ್ತದೆ ಎಂಬ ಭರವಸೆಯಲ್ಲಿ. ಅದು ಸತ್ತರೂ ಲಾರಿ ಸುಸಂಸ್ಕೃತನಂತೆ ಓಡಾಡುತ್ತದೆ.

ಈಗ ಪಿಯುಸಿಗೆ, ಅಂದರೆ ಹೊಗೆ ತಪಾಸಣೆಯ ಚೀಟಿಗೆ, ಬನ್ನಿ. ಪೆಟ್ರೋಲ್ ಪಂಪಿನ ಮೂಲೆಯಲ್ಲಿ ಹಳೆಯ ವ್ಯಾನು, ಅದರೊಳಗೆ ಕಂಪ್ಯೂಟರು, ಹೊರಗೆ ಒಬ್ಬ ಹುಡುಗ. ಡೀಸೆಲ್ ಗಾಡಿಯಾದರೆ ನಿಂತಲ್ಲೇ ಆಕ್ಸಿಲರೇಟರ್ ಒತ್ತಿಸುತ್ತಾನೆ. ಹೊಗೆಯ ಮೂಲಕ ಬೆಳಕು ಹಾಯಿಸಿ ಅದೆಷ್ಟು ದಟ್ಟವಾಗಿದೆ ಎಂದು ನೋಡುತ್ತಾನೆ. ಅಷ್ಟೇ. ನೈಟ್ರೋಜನ್ ಆಕ್ಸೈಡನ್ನು ಆ ಯಂತ್ರ ಅಳೆಯುವುದೇ ಇಲ್ಲ. ಅಳೆಯಬೇಕು ಎಂದು ಅದಕ್ಕೆ ಯಾರೂ ಹೇಳಿಲ್ಲ. ಜ್ವರ ಇದೆಯೇ ಎಂದು ತಿಳಿಯಲು ರೋಗಿಯನ್ನು ತಕ್ಕಡಿಯ ಮೇಲೆ ಕೂರಿಸುವ ವೈದ್ಯಶಾಸ್ತ್ರ ಇದು. ತೂಕ ಸರಿಯಾಗಿದೆ, ಮನೆಗೆ ಹೋಗಿ.

ಸತ್ತ ಎಸ್‌ಸಿಆರ್ ಹೊತ್ತ ಲಾರಿ ಪರೀಕ್ಷೆ ಪಾಸಾಗುತ್ತದೆ. ಡಿಸ್ಟಿಂಕ್ಷನ್ನಿನಲ್ಲಿ.

2025ರಲ್ಲಿ ರಾಜ್ಯದ ಸಾರಿಗೆ ಸಚಿವ ಪ್ರತಾಪ್ ಸರ್‌ನಾಯಿಕ್ ಒಂದು ಘೋಷಣೆ ಮಾಡಿದರು. ಪಿಯುಸಿ ಇಲ್ಲದಿದ್ದರೆ ಇಂಧನವಿಲ್ಲ. ಸಚಿವರು ನಮ್ಮ ಥಾಣೆಯವರೇ, ಓವಳಾ-ಮಾಜಿವಾಡಾದ ಶಾಸಕರು. ಘೋಡ್‌ಬಂದರ್ ರಸ್ತೆ ಅವರ ಕ್ಷೇತ್ರದ ಬೆನ್ನೆಲುಬು. ಆ ರಸ್ತೆಯ ಗಾಳಿ ಅವರಿಗೆ ಗೊತ್ತಿಲ್ಲದ್ದಲ್ಲ. ಅವರ ಉದ್ದೇಶವನ್ನು ನಾನು ಅನುಮಾನಿಸುವುದಿಲ್ಲ. ಅಳೆಯದ ವಿಷಕ್ಕೆ ಕೊಟ್ಟ ಚೀಟಿ ತೋರಿಸಿದವನಿಗೆ ಟ್ಯಾಂಕ್ ತುಂಬಿಸಿ ಕಳಿಸುವುದರಿಂದ ಏನಾಗುತ್ತದೆ ಎಂಬುದಷ್ಟೇ ನನ್ನ ಅನುಮಾನ. ಹಳೆಯ ಸ್ಕೂಟರಿನ ನಿವೃತ್ತ ಗುಮಾಸ್ತ ಪಂಪಿನಿಂದ ವಾಪಸ್ ಬರುತ್ತಾನೆ. ಹದಿನಾರು ಚಕ್ರದ ಲಾರಿ ಚೀಟಿ ತೋರಿಸಿ ಮುಂದೆ ಹೋಗುತ್ತದೆ.

ನಮ್ಮಲ್ಲಿ ಬಣ್ಣ ಇದ್ದರೆ ಮಾತ್ರ ಮಾಲಿನ್ಯ. ಡೊಂಬಿವಲಿಯವರಿಗೆ ಇದು ಚೆನ್ನಾಗಿ ಗೊತ್ತು. 2014ರಲ್ಲಿ ಹಸಿರು ಮಳೆ ಬಿತ್ತು. 2020ರಲ್ಲಿ ಎಂಐಡಿಸಿ ಕೈಗಾರಿಕಾ ಪ್ರದೇಶದ ರಸ್ತೆ ಗುಲಾಬಿಯಾಯಿತು. ಕ್ಯಾಮೆರಾ ಬಂತು, ಸುದ್ದಿಯಾಯಿತು, ತಪಾಸಣೆ ನಡೆಯಿತು. ನೈಟ್ರೋಜನ್ ಆಕ್ಸೈಡಿಗೆ ಆ ಅದೃಷ್ಟವಿಲ್ಲ. ಅದು ಸದ್ದಿಲ್ಲದೆ ಓಜೋನ್ ಆಗುತ್ತದೆ, ಸೂಕ್ಷ್ಮ ಕಣ ಆಗುತ್ತದೆ, ಮಕ್ಕಳ ನೆಬ್ಯುಲೈಸರ್ ಆಗುತ್ತದೆ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಳಿ 2012ರಲ್ಲೇ ಮೊದಲ ದರ್ಜೆಯ ಪಟ್ಟಿಗೆ ಹಾಕಿತು. ಪಟ್ಟಿಗೆ ಹಾಕಿದ್ದು ಅವರು. ನಾವು ಟೋಲ್ ಹಾಕಿದೆವು.

ಬೇರೆ ಕಡೆ ಏನು ಮಾಡುತ್ತಾರೆ? ಅಮೆರಿಕದ ಹೆಸರು ಎತ್ತಿದರೆ ನಮ್ಮವರಿಗೆ ದೇಶಪ್ರೇಮ ಉಕ್ಕುತ್ತದೆ. ಆದರೂ ಕೇಳಿ. ಕ್ಯಾಲಿಫೋರ್ನಿಯಾದ ವಾಯು ಮಂಡಳಿಯವರು ರಸ್ತೆಯಲ್ಲಿ ಓಡುತ್ತಿದ್ದ ಟ್ರಕ್ಕುಗಳಿಗೇ ಅಳತೆಯ ಯಂತ್ರ ಕಟ್ಟಿ ಓಡಿಸಿದರು. ಹೊಸದಾಗಿದ್ದಾಗ ಶುದ್ಧವಾಗಿದ್ದಂಥವು ಕೆಲವೇ ವರ್ಷಗಳಲ್ಲಿ ಮಿತಿ ದಾಟಿದ್ದವು. ಹುಡುಕಿದರು. ಕಮಿನ್ಸ್ ಎಂಜಿನ್ನುಗಳ ಎಸ್‌ಸಿಆರ್ ವೇಗವರ್ಧಕ ಅವಧಿಗೆ ಮುಂಚೆಯೇ ಸವೆಯುತ್ತಿತ್ತು. 2018ರಲ್ಲಿ ಕಂಪನಿ 2010ರಿಂದ 2015ರವರೆಗಿನ ಸುಮಾರು 5 ಲಕ್ಷ ಟ್ರಕ್ಕುಗಳನ್ನು ವಾಪಸ್ ಕರೆಸಿತು. ಖರ್ಚು ಕಂಪನಿಯದು. ಮಾಲೀಕರು ದೂರು ಕೊಡಲಿ ಎಂದು ಯಾರೂ ಕಾಯಲಿಲ್ಲ. ಕೊಡುವ ಅಗತ್ಯವೂ ಬೀಳಲಿಲ್ಲ.

ಅದೇ ವರ್ಷ ವೋಲ್ವೊ ಬಾಯಿಬಿಟ್ಟಿತು. ಹೊಸಕೋಟೆಯಲ್ಲಿ ಕಾರ್ಖಾನೆ ಇರುವ, ನಮ್ಮ ಜನ ಬಸ್ಸಿಗೇ ಅದರ ಹೆಸರಿಟ್ಟಿರುವ ವೋಲ್ವೊ. ಯುರೋಪ್ ಮತ್ತು ಉತ್ತರ ಅಮೆರಿಕದ ಟ್ರಕ್ಕುಗಳಲ್ಲಿ ಹೊಗೆ ನಿಯಂತ್ರಿಸುವ ಒಂದು ಭಾಗ ನಿರೀಕ್ಷೆಗಿಂತ ಬೇಗ ಸವೆಯುತ್ತಿದೆ ಎಂದಿತು. ರಿಪೇರಿಗೆಂದು 700 ಕೋಟಿ ಸ್ವೀಡಿಷ್ ಕ್ರೋನಾ ತೆಗೆದಿಟ್ಟಿತು. ಅದು ಸವೆತದ ಕಥೆ. ಮೋಸದ ಕಥೆಗಳು ಬೇರೆ. 2022ರಲ್ಲಿ ಜಪಾನಿನ ಲಾರಿ ಕಂಪನಿ ಹಿನೊ ತಾನು ವರ್ಷಗಟ್ಟಲೆ ಹೊಗೆಯ ಅಂಕಿ ತಿದ್ದಿದ್ದನ್ನು ಒಪ್ಪಿಕೊಂಡಿತು. 2024ರಲ್ಲಿ ಅದೇ ಕಮಿನ್ಸ್, ರಾಮ್ ಪಿಕಪ್ ಟ್ರಕ್ಕುಗಳ ಎಂಜಿನ್ನಿನಲ್ಲಿ ಪರೀಕ್ಷೆಯನ್ನು ವಂಚಿಸುವ ಸಾಫ್ಟ್‌ವೇರ್ ಇಟ್ಟ ಆರೋಪಕ್ಕೆ 167.5 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿತು. ನಮ್ಮ ಲೆಕ್ಕದಲ್ಲಿ 13 ಸಾವಿರ ಕೋಟಿ ರೂಪಾಯಿಗೂ ಮೇಲೆ.

ಅಲ್ಲಿಯವರು ಸಾಧುಗಳಲ್ಲ. ಕಳ್ಳರು ಎಲ್ಲ ಕಡೆ ಇದ್ದಾರೆ. ಅಲ್ಲಿ ಪೊಲೀಸರೂ ಇದ್ದಾರೆ.

ನಮ್ಮಲ್ಲೂ ಕಥೆಗಳಿವೆ, ಮರೆತಿದ್ದೇವೆ. ಟವೇರಾ ನೆನಪಿದೆಯೇ? ಪನ್ವೇಲಿನಿಂದ ಕಲ್ಯಾಣಿನವರೆಗೆ, ಇತ್ತ ಹುಬ್ಬಳ್ಳಿಯಿಂದ ಉಡುಪಿಯವರೆಗೆ ಬಾಡಿಗೆಗೆ ಓಡಿದ ಗಾಡಿ. ಎಷ್ಟು ಮದುವೆಯ ದಿಬ್ಬಣ ಹೊತ್ತಿತೋ. 2013ರ ಜುಲೈಯಲ್ಲಿ ಜನರಲ್ ಮೋಟರ್ಸ್ ಇಂಡಿಯಾ 1 ಲಕ್ಷ 14 ಸಾವಿರ ಟವೇರಾಗಳನ್ನು ವಾಪಸ್ ಕರೆಸಿತು. 2005ರಿಂದ ತಯಾರಾದವು. ಕಾರಣ ಹೊಗೆ. ನಡೆದದ್ದು ಏನೆಂದರೆ, ತಪಾಸಣೆಗೆಂದು ಆರಿಸುವ ಗಾಡಿಗಳಿಗೆ ಕಂಪನಿಯವರೇ ಕಡಿಮೆ ಹೊಗೆಯ ಎಂಜಿನ್ ಕೂರಿಸುತ್ತಿದ್ದರು. ಅಧಿಕಾರಿ ಒಳ್ಳೆಯ ಎಂಜಿನ್ ನೋಡುತ್ತಿದ್ದ. ಗಿರಾಕಿ ಬೇರೆ ಎಂಜಿನ್ ಒಯ್ಯುತ್ತಿದ್ದ. ಸರ್ಕಾರದ ಸಮಿತಿ ಇದನ್ನು ಕಾರ್ಪೊರೇಟ್ ವಂಚನೆ ಎಂದೇ ಕರೆಯಿತು. ಕಂಪನಿ ಕೆಲವರನ್ನು ಕೆಲಸದಿಂದ ತೆಗೆಯಿತು.

ಇಲ್ಲಿ ಒಂದು ತಮಾಷೆ ಇದೆ. ಗುಟ್ಟು ಹೇಳಿದ್ದು ಕಂಪನಿಯೇ. ಅದು ಹೇಳದಿದ್ದರೆ ಆ ಗಾಡಿಗಳು ಇಂದಿಗೂ ಕಾಗದದ ಮೇಲೆ ಶುದ್ಧ. ವರ್ಷಗಟ್ಟಲೆ ತಪಾಸಣೆ ಮಾಡಿದವರ ಕಣ್ಣಿಗೆ ಏನೂ ಬಿದ್ದಿರಲಿಲ್ಲ. ವಾಪಸ್ ಕರೆಸು ಎಂದು ಆದೇಶಿಸುವ ಅಧಿಕಾರವೂ ಆಗ ಸರ್ಕಾರಕ್ಕೆ ಇರಲಿಲ್ಲ. ಕಾರು ತಯಾರಕರ ಸಂಘ 2012ರಲ್ಲಿ ತಾನೇ ಮಾಡಿಕೊಂಡ ಸ್ವಯಂಪ್ರೇರಿತ ನಿಯಮಾವಳಿ ಇತ್ತು. ತಪ್ಪು ಮಾಡಿದವನು ಮನಸ್ಸು ಬಂದರೆ ಒಪ್ಪಿಕೊಳ್ಳಬಹುದು ಎಂಬ ಉದಾರ ವ್ಯವಸ್ಥೆ. 2017ರ ಕೊನೆಗೆ ಆ ಕಂಪನಿ ಇಲ್ಲಿ ಕಾರು ಮಾರುವುದನ್ನೇ ನಿಲ್ಲಿಸಿತು.

ಆಮೇಲೆ ಫೋಕ್ಸ್‌ವ್ಯಾಗನ್. 2015ರಲ್ಲಿ ಹೊಗೆ ಪರೀಕ್ಷೆಯ ಮೋಸಕ್ಕೆ ಅಮೆರಿಕದಲ್ಲಿ ಸಿಕ್ಕಿಬಿದ್ದಿತು. ಆಗ ನಮ್ಮವರಿಗೂ ಎಚ್ಚರವಾಯಿತು. ಪುಣೆಯ ಎಆರ್‌ಎಐ, ಅಂದರೆ ನಮ್ಮ ಊರಿನಿಂದ ಮೂರು ಗಂಟೆಯ ದಾರಿಯಲ್ಲಿರುವ ವಾಹನ ಪರೀಕ್ಷಾ ಸಂಸ್ಥೆ, ಆ ಕಂಪನಿಯ ಕಾರುಗಳನ್ನು ಪ್ರಯೋಗಶಾಲೆಯ ಹೊರಗೆ ರಸ್ತೆಯಲ್ಲಿ ಓಡಿಸಿ ನೋಡಿತು. ಹೊಗೆ ಮಿತಿಯ 1.1ರಿಂದ 2.6 ಪಟ್ಟು. ಡಿಸೆಂಬರಿನಲ್ಲಿ ಕಂಪನಿ 3,23,700 ಕಾರುಗಳನ್ನು ಕರೆಸುತ್ತೇನೆ ಎಂದಿತು. ಜೊತೆಗೆ, ಇದು ಸ್ವಯಂಪ್ರೇರಿತ, ಭಾರತದ ಯಾವ ನಿಯಮವನ್ನೂ ನಾವು ಮುರಿದಿಲ್ಲ ಎಂದೂ ಹೇಳಿತು. ರಸ್ತೆಯ ಮೇಲಿನ ಹೊಗೆಗೆ ಇಲ್ಲಿ ನಿಯಮವೇ ಇರಲಿಲ್ಲವಲ್ಲ! ಪ್ರಯೋಗಶಾಲೆಯಲ್ಲಿ ಶುದ್ಧವಾಗಿರಬೇಕು ಎಂದಷ್ಟೇ ನಾವು ಕೇಳಿದ್ದೆವು. ರಸ್ತೆಯ ಬಗ್ಗೆ ಕೇಳಿರಲಿಲ್ಲ. 2019ರ ಮಾರ್ಚ್‌ನಲ್ಲಿ ಹಸಿರು ನ್ಯಾಯಮಂಡಳಿ 500 ಕೋಟಿ ದಂಡ ಹಾಕಿತು. ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಬಲವಂತದ ಕ್ರಮ ಬೇಡ ಎಂದು ತಡೆ ಕೊಟ್ಟಿತು.

ಇವೆಲ್ಲ ಕಾರಿನ ಕಥೆಗಳು. ಲಾರಿಯದು? ಹೊಗೆಯ ಭಾಗ ಕೆಟ್ಟಿದೆ ಎಂದು ಸರ್ಕಾರ ತಾನಾಗಿ ಆದೇಶಿಸಿ ವಾಪಸ್ ಕರೆಸಿದ ಲಾರಿಯ ಹೆಸರು ಯಾರಾದರೂ ಹೇಳಲಿ. ಕಾಯುತ್ತೇನೆ. ಮುಂಬ್ರಾ ಬೈಪಾಸಿನಲ್ಲಿ ಕಾಯುವುದು ನನಗೆ ಅಭ್ಯಾಸವಾಗಿದೆ.

ದಂಡದ ಲೆಕ್ಕ ಇನ್ನೂ ಚೆಂದ. 2019ರ ತಿದ್ದುಪಡಿಯಲ್ಲಿ ನಿಯಮ ಪಾಲಿಸದ ತಯಾರಕನಿಗೆ ನೂರು ಕೋಟಿಯವರೆಗೆ ದಂಡ, ಒಂದು ವರ್ಷದವರೆಗೆ ಜೈಲು. ಪತ್ರಿಕೆಗಳು ದೊಡ್ಡದಾಗಿ ಬರೆದವು. 2021ರಲ್ಲಿ ವಾಹನ ವಾಪಸಾತಿಯ ನಿಯಮ ಬಂದಾಗ ಮೊತ್ತ 10 ಲಕ್ಷದಿಂದ 1 ಕೋಟಿ. ಅಲ್ಲಿಗೆ ಮುಗಿಯಿತು. ಒಂದು ಲಕ್ಷ ಗಾಡಿಯಲ್ಲಿ ದೋಷವಿದೆ ಎನ್ನಿ. ಗರಿಷ್ಠ ದಂಡ ಹಾಕಿದರೂ ಗಾಡಿಗೆ ನೂರು ರೂಪಾಯಿ. ಅದೇ ಕಾಯ್ದೆಯಲ್ಲಿ ಮಾಲೀಕ ತನ್ನ ಗಾಡಿಯ ಭಾಗವನ್ನು ನಿಯಮ ಮೀರಿ ಬದಲಾಯಿಸಿದರೆ, ಒಂದೊಂದು ಬದಲಾವಣೆಗೆ 5 ಸಾವಿರದವರೆಗೆ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು. ಕಾರ್ಖಾನೆಯ ತಪ್ಪಿಗೆ ನೂರು, ಗ್ಯಾರೇಜಿನ ತಪ್ಪಿಗೆ ಐದು ಸಾವಿರ. ಸಗಟು ವ್ಯಾಪಾರಕ್ಕೆ ರಿಯಾಯಿತಿ ಇರಲೇಬೇಕಲ್ಲ.

ಗ್ಯಾರೇಜಿನ ಮಾತು ಬಂತು. ಕಳಂಬೋಲಿಯಲ್ಲಿ ಲಾರಿಗಳು ನಿಲ್ಲುವ ಕಡೆ ಚಹಾ ಕುಡಿಯುತ್ತ ಕನ್ನಡ ಕೇಳಿಸಿದರೆ ಮಾತಾಡಿಸದೆ ಬರುವುದಕ್ಕೆ ಆಗುವುದಿಲ್ಲ. ಹುಬ್ಬಳ್ಳಿ ಕಡೆಯ ಚಾಲಕ. ಬಿಎಸ್-6 ಗಾಡಿ. ಯೂರಿಯಾ ಹಾಕಿಸುತ್ತೀರಾ ಎಂದು ಕೇಳಿದೆ.

‘ಹಾಕಸ್ತಿದ್ವಿರೀ ಸರ. ಟ್ಯಾಂಕ್ ತುಂಬಿದ್ರೂ ಲೈಟ್ ಹತ್ತತೈತಿ. ಲೈಟ್ ಹತ್ತಿದ್ರ ಪಿಕಪ್ ಬರಂಗಿಲ್ಲ. ಲೋಡ್ ಹಾಕ್ಕೊಂಡು ಘಾಟ್ ಹೆಂಗ್ ಏರಬೇಕ್ರೀ? ಶೋರೂಮಿಗೆ ಒಯ್ದ್ರ ಸೆನ್ಸರ್ ಹೋಗೇತಿ, ವಾರಂಟಿ ಮುಗದೇತಿ ಅಂತಾರ. ಎರಡು ದಿನ ಗಾಡಿ ನಿಂದರ್ಸ್ತಾರ. ಗಾಡಿ ನಿಂತ್ರ ಸಾಲದ ಕಂತು ನಿಂದರತೈತೇನ್ರೀ?’

ಮತ್ತೇನು ಮಾಡಿದಿರಿ?

‘ಒಬ್ಬಾವ ಅದಾನ್ರೀ. ಸಣ್ಣ ಡಬ್ಬಿ ಕೂಡಸ್ತಾನ. ಯೂರಿಯಾನೂ ಬ್ಯಾಡ, ಲೈಟೂ ಇಲ್ಲ.’

ಆ ಡಬ್ಬಿಯ ಕೆಲಸ ಸರಳ. ಎಲ್ಲ ಸರಿಯಾಗಿದೆ ಎಂದು ಎಂಜಿನ್ನಿನ ಕಂಪ್ಯೂಟರಿಗೆ ಸುಳ್ಳು ಹೇಳುವುದು. ಇಡೀ ವ್ಯವಸ್ಥೆ ನಮಗೆ ಹೇಳುತ್ತಿರುವುದನ್ನೇ ಅದೂ ಹೇಳುತ್ತದೆ. ಚಾಲಕನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬರಬೇಕಿತ್ತು, ಬರಲಿಲ್ಲ.

ಏಕೆಂದರೆ ಅವನ ಮಾತಿನಲ್ಲೇ ಇಡೀ ಹಗರಣ ಇದೆ. ಒಂದೇ ಮಾದರಿಯ ಲಾರಿಗಳಲ್ಲಿ ಒಂದೇ ಸೆನ್ಸರ್ ಮತ್ತೆ ಮತ್ತೆ ಹೋಗುತ್ತಿದ್ದರೆ ಅದು ಒಬ್ಬೊಬ್ಬ ಮಾಲೀಕನ ಹಣೆಬರಹವಲ್ಲ, ಆ ಮಾದರಿಯ ದೋಷ. ಕ್ಯಾಲಿಫೋರ್ನಿಯಾದಲ್ಲಿ ಹೊಗೆಯ ಭಾಗಗಳ ವಾರಂಟಿ ಕ್ಲೇಮುಗಳು ಒಂದು ಪ್ರಮಾಣ ದಾಟಿದರೆ ಕಂಪನಿಯೇ ಮಂಡಳಿಗೆ ವರದಿ ಕೊಡಬೇಕು. ಇನ್ನೂ ಏರಿದರೆ ವಾಪಸ್ ಕರೆಸಬೇಕು. ಇಲ್ಲಿ ಸಾವಿರ ಸೆನ್ಸರ್ ಕೆಟ್ಟರೆ ಸಾವಿರ ಬಿಲ್ಲು ಹರಿಯುತ್ತಾರೆ. ಸಾವಿರ ಮಾಲೀಕರು ಸಾವಿರ ಡಬ್ಬಿ ಹುಡುಕುತ್ತಾರೆ. ದೋಷ ಸರ್ಕಾರದ ಲೆಕ್ಕಕ್ಕೆ ಬರುವುದೇ ಇಲ್ಲ, ಸರ್ವಿಸ್ ಸೆಂಟರಿನ ಲಾಭದ ಲೆಕ್ಕಕ್ಕೆ ಬರುತ್ತದೆ.

ಇನ್ನು ಯೂರಿಯಾದ ಪುರಾಣ. ರೈತನಿಗೆ ಸಬ್ಸಿಡಿಯಲ್ಲಿ ಸಿಗುವ ಯೂರಿಯಾ 45 ಕಿಲೋ ಚೀಲಕ್ಕೆ ಸುಮಾರು 266 ರೂಪಾಯಿ. ಒಂದು ಚೀಲದಿಂದ ಲಾರಿಗೆ ಹಾಕುವ ದ್ರಾವಣ ನೂರಿಪ್ಪತ್ತು ಲೀಟರಿಗೂ ಹೆಚ್ಚು ಆಗುತ್ತದೆ. ಈ ಲೆಕ್ಕ ಮಾಡಲು ಎಂಜಿನಿಯರ್ ಬೇಕಿಲ್ಲ. ಗೊಬ್ಬರ ಬೇರೆ ಕಾರ್ಖಾನೆಗಳ ಪಾಲಾಗಬಾರದೆಂದು 2015ರಲ್ಲಿ ಎಲ್ಲ ಯೂರಿಯಾಕ್ಕೂ ಬೇವಿನೆಣ್ಣೆ ಸವರುವುದು ಕಡ್ಡಾಯವಾಯಿತು. ಆದರೂ ಹೋಯಿತು. 2023ರಲ್ಲಿ ಕೇಂದ್ರದ ತನಿಖಾ ದಳಗಳು ಹಲವು ರಾಜ್ಯಗಳಲ್ಲಿ ದಾಳಿ ಮಾಡಿ ಸಬ್ಸಿಡಿ ಯೂರಿಯಾ ಎಂದು ಅನುಮಾನಿಸಿದ ಚೀಲಗಳನ್ನು ಸಾವಿರಗಟ್ಟಲೆ ಹಿಡಿದವು. ಗೊಬ್ಬರದ ಯೂರಿಯಾದ ಕಲ್ಮಶ ಎಸ್‌ಸಿಆರ್‌ನ ವೇಗವರ್ಧಕವನ್ನು ಕೊಲ್ಲುತ್ತದೆ. ಅಂದರೆ ಹೊಲಕ್ಕೆ ಹೋಗಬೇಕಾದ್ದು ಸೈಲೆನ್ಸರಿಗೆ ಹೋಗಿ, ಸೈಲೆನ್ಸರನ್ನು ಕೆಡಿಸಿ, ಸಬ್ಸಿಡಿಯ ಹಣದಲ್ಲಿ ನಮಗೆ ವಿಷ ಉಣಿಸುತ್ತದೆ. ತೆರಿಗೆ ಕಟ್ಟಿದವರು ನಾವೇ. ರಸೀದಿ ಕೆಮ್ಮಿನ ರೂಪದಲ್ಲಿ ಬರುತ್ತದೆ.

ಎಲ್ಲ ಸರಿಯಿದೆ ಎಂದೇ ಇಟ್ಟುಕೊಳ್ಳಿ. ಪ್ರಾಮಾಣಿಕ ಮಾಲೀಕ, ಒಳ್ಳೆಯ ಯೂರಿಯಾ, ಹೊಸ ಸೆನ್ಸರ್. ಆಗಲಾದರೂ ಹೊಗೆ ಶುದ್ಧವೇ? ಎಸ್‌ಸಿಆರ್ ಕೆಲಸ ಮಾಡಬೇಕಾದರೆ ಹೊಗೆ ಬಿಸಿಯಾಗಿರಬೇಕು. ಸುಮಾರು 200 ಡಿಗ್ರಿಗಿಂತ ಕೆಳಗಿದ್ದರೆ ಯೂರಿಯಾ ಹರಳುಗಟ್ಟುತ್ತದೆ ಎಂದು ವ್ಯವಸ್ಥೆಯೇ ಸಿಂಪಡಣೆ ನಿಲ್ಲಿಸುತ್ತದೆ. ಮಸಿಯ ಜಾಲರಿ ತನ್ನನ್ನು ತಾನು ಸುಟ್ಟು ಶುಚಿಮಾಡಿಕೊಳ್ಳಲೂ ಒಳ್ಳೆಯ ಬಿಸಿ ಬೇಕು. ಬಿಸಿ ಬರಬೇಕಾದರೆ ಲಾರಿ ಓಡಬೇಕು.

ಓಡುವುದಾ? ಎಲ್ಲಿ? ಗಾಯ್‌ಮುಖ್ ಘಾಟಿನಲ್ಲಾ? ಕಾಟೈ ನಾಕಾದಲ್ಲಾ? ಕಲ್ಯಾಣಿನ ಪತ್ರಿಪುಲ್‌ನ ಹಳೆಯ ಸೇತುವೆಯನ್ನು 2018ರ ನವೆಂಬರಿನಲ್ಲಿ ಕೆಡವಿದರು. ಹೊಸದು ತೆರೆದದ್ದು 2021ರ ಜನವರಿಯಲ್ಲಿ. ಎರಡು ವರ್ಷ ದಾಟಿತು ಒಂದು ಸೇತುವೆಗೆ. ಅಷ್ಟೂ ದಿನ ಸುತ್ತಲಿನ ರಸ್ತೆಗಳಲ್ಲಿ ಗಾಡಿಗಳು ನಿಂತಲ್ಲೇ ಗುರುಗುಟ್ಟಿದವು. ಕೋಟಿಗಟ್ಟಲೆ ಖರ್ಚು ಮಾಡಿ ಯುರೋಪಿನ ಹೊಗೆ ನಿಯಮ ತಂದೆವು. ಯುರೋಪಿನ ಎಂಜಿನ್ ತಂತ್ರ ತಂದೆವು. ರಸ್ತೆಯನ್ನು ಶಿಳ್‌ಫಾಟಾದಿಂದಲೇ ತೆಗೆದುಕೊಂಡೆವು.

ರಸ್ತೆಯಲ್ಲಿ ನಿಜವಾಗಿ ಏನು ಹೊರಬರುತ್ತದೆ ಎಂದು ಅಳೆಯಲು ಯಂತ್ರ ಇಲ್ಲವೇ? ಇದೆ. ರಸ್ತೆ ಪಕ್ಕದಲ್ಲಿ ಇಟ್ಟರೆ ಹಾದುಹೋಗುವ ಗಾಡಿಯ ಹೊಗೆಯನ್ನು ಕಿರಣ ಹಾಯಿಸಿ ಅಳೆಯುತ್ತದೆ. ಸ್ವಚ್ಛ ಸಾರಿಗೆಯ ಅಂತರರಾಷ್ಟ್ರೀಯ ಮಂಡಳಿಯವರು ದೆಹಲಿ ಮತ್ತು ಗುರುಗ್ರಾಮದಲ್ಲಿ ಲಕ್ಷಕ್ಕೂ ಹೆಚ್ಚು ಅಳತೆ ತೆಗೆದು 2024ರ ಆಗಸ್ಟಿನಲ್ಲಿ ವರದಿ ಕೊಟ್ಟರು. ಬಿಎಸ್-6ರ ಲಘು ಸರಕು ವಾಹನಗಳೂ ಪ್ರಯೋಗಶಾಲೆಯ ಮಿತಿಯನ್ನು ಹಲವು ಪಟ್ಟು ಮೀರಿದ್ದವು. ಹೊಸ ಗಾಡಿಗಳೇ. ಚೀಟಿ ಇರುವವೇ.

ನಮ್ಮಲ್ಲಿ ಇಷ್ಟು ಕಷ್ಟ ಯಾರೂ ಪಡುವುದಿಲ್ಲ. ಇಲ್ಲಿ ಮಂಜಿನ ಫಿರಂಗಿ ಇದೆ. ಪಾಲಿಕೆಯವರು ಅದನ್ನು ರಸ್ತೆಯಲ್ಲಿ ಓಡಿಸಿ ಆಕಾಶಕ್ಕೆ ನೀರು ಹಾರಿಸುತ್ತಾರೆ. ಧೂಳು ಸ್ವಲ್ಪ ಹೊತ್ತು ಕೂರುತ್ತದೆ. ನೈಟ್ರೋಜನ್ ಆಕ್ಸೈಡ್ ಕೂರುವ ಜಾತಿಯದ್ದಲ್ಲ. ಫಿರಂಗಿಯನ್ನು ಹೊತ್ತು ತಿರುಗುವುದೂ ಒಂದು ಲಾರಿಯೇ.

ಬಾಂಬೆ ಹೈಕೋರ್ಟ್ 2023ರ ಅಕ್ಟೋಬರಿನಲ್ಲಿ ತಾನಾಗಿಯೇ ಗಾಳಿಯ ವಿಷಯ ಕೈಗೆತ್ತಿಕೊಂಡಿತು. 2025ರ ಜನವರಿಯಲ್ಲಿ ಚಾಟಿ ಬೀಸಿತು. ಕೂಡಲೇ ರಾಜ್ಯ ಸರ್ಕಾರ ಮುಂಬಯಿ ಮಹಾನಗರ ಪ್ರದೇಶದಲ್ಲಿ ಪೆಟ್ರೋಲ್, ಡೀಸೆಲ್ ವಾಹನಗಳನ್ನೇ ನಿಷೇಧಿಸಬಹುದೇ ಎಂದು ನೋಡಲು ಏಳು ಸದಸ್ಯರ ಸಮಿತಿ ಮಾಡಿತು. ಅಳೆಯಲಾರದವರು ನಿಷೇಧದ ಬಗ್ಗೆ ಯೋಚಿಸುತ್ತಾರೆ. ಕೆಟ್ಟ ಭಾಗ ಬದಲಾಯಿಸಿ ಎನ್ನುವುದು ಸಣ್ಣ ಮಾತು, ಅದಕ್ಕೆ ಸಮಿತಿ ಸಾಲದು.

ಅದೇ ಹೊತ್ತಿಗೆ ಮುಂಬಯಿಯಲ್ಲಿ ಇನ್ನೊಂದು ನಡೆಯಿತು. ಕಟ್ಟಿಗೆ, ಇದ್ದಿಲು ಉರಿಸುವ ಬೇಕರಿಗಳು ಆರು ತಿಂಗಳಲ್ಲಿ ಗ್ಯಾಸಿಗೆ ಬದಲಾಗಬೇಕು ಎಂದಾಯಿತು. ಹೋಟೆಲುಗಳ ತಂದೂರಿಗೆ ಪಾಲಿಕೆಯ ನೋಟಿಸ್ ಬಂತು. ನಮ್ಮ ತುಳುನಾಡಿನ ಹೋಟೆಲಿನವರು ತಲೆ ಮೇಲೆ ಕೈ ಹೊತ್ತರು. ಇದ್ದಿಲಿನ ಹೊಗೆ ಒಳ್ಳೆಯದೆಂದು ನಾನು ಹೇಳುತ್ತಿಲ್ಲ, ಅದೂ ಹೊಗೆಯೇ. ಆದರೆ ತಂದೂರಿಗೆ ನೋಟಿಸ್ ಅಂಟಿಸುವುದು ಸುಲಭ. ಅದಕ್ಕೆ ಚಕ್ರವಿಲ್ಲ, ಸಂಘಟನೆಯ ಚಕ್ಕಾ ಜಾಮ್ ಇಲ್ಲ, ಷೇರು ಮಾರುಕಟ್ಟೆಯಲ್ಲಿ ಹೆಸರಿಲ್ಲ.

ನಮ್ಮನ್ನೂ ಬಿಡುವಂತಿಲ್ಲ. 2017ರ ಮಾರ್ಚ್ 29ರಂದು ಸುಪ್ರೀಂ ಕೋರ್ಟ್ ಏಪ್ರಿಲ್ 1ರಿಂದ ಬಿಎಸ್-3 ವಾಹನ ಮಾರಬೇಡಿ ಎಂದಿತು. 8 ಲಕ್ಷಕ್ಕೂ ಹೆಚ್ಚು ಗಾಡಿ ಉಳಿದಿದ್ದವು. ನಾವೇನು ಮಾಡಿದೆವು? ಎರಡು ದಿನ ಶೋರೂಮುಗಳ ಮುಂದೆ ಸಾಲು ನಿಂತೆವು. ಬೈಕಿಗೆ ಇಪ್ಪತ್ತು ಸಾವಿರದವರೆಗೆ ರಿಯಾಯಿತಿ ಇತ್ತಲ್ಲ. ಕೋರ್ಟು ಆರೋಗ್ಯ ಎಂದಿತು, ನಮಗೆ ಆಫರ್ ಎಂದು ಕೇಳಿಸಿತು. ಈಗಲೂ ಭಿವಂಡಿಯ ಗೋದಾಮಿನಿಂದ ನಾಳೆಯೇ ಪಾರ್ಸಲ್ ಬರಬೇಕು ಎನ್ನುವವರು ನಾವು. ತಡವಾದರೆ ಒಂದು ಸ್ಟಾರ್ ಕೊಡುವವರೂ ನಾವೇ.

ಕೊನೆಗೆ ಒಂದು ವಿಷಯ ಉಳಿಯಿತು. 2021ರ ನಿಯಮ ಅನ್ವಯವಾಗುವುದು ಏಳು ವರ್ಷಕ್ಕಿಂತ ಕಡಿಮೆ ವಯಸ್ಸಿನ ವಾಹನಗಳಿಗೆ. ಬಿಎಸ್-4 ಲಾರಿಗಳ ಕೊನೆಯ ಕಂತು ಮಾರಾಟವಾದದ್ದು 2020ರ ಮಾರ್ಚಿನಲ್ಲಿ. 2020ರ ಏಪ್ರಿಲಿನ ಮೊದಲ ಬಿಎಸ್-6 ಲಾರಿಗಳಿಗೆ ಏಳು ತುಂಬುವುದು 2027ರ ಏಪ್ರಿಲಿನಲ್ಲಿ. ಅಷ್ಟರೊಳಗೆ ಮೊದಲ ಮಾಲೀಕ ಗಾಡಿ ಮಾರಿರುತ್ತಾನೆ. ಎರಡನೆಯವನು ಡಬ್ಬಿ ಕೂರಿಸಿರುತ್ತಾನೆ. ಕಂಪನಿ ಹೊಸ ಮಾದರಿ ತಂದಿರುತ್ತದೆ. ಎಂಎಚ್-04, ಎಂಎಚ್-05, ಎಂಎಚ್-43, ಎಂಎಚ್-46, ನಡುವೆ ನಮ್ಮ ಕೆಎ ನಂಬರಿನವು, ಎಲ್ಲವೂ ಪಿಯುಸಿ ಚೀಟಿ ಹಿಡಿದು ಸಾಲಾಗಿ ನಿಂತಿರುತ್ತವೆ. ದಿನಾಂಕ ಕಳೆದ ಮೇಲೆ ಪೋರ್ಟಲ್ಲಿನಲ್ಲಿ ಅವುಗಳ ಬಗ್ಗೆ ಯಾರು ಏನು ಹೇಳಿದರೂ ಪ್ರಯೋಜನವಿಲ್ಲ. ಲಾರಿಯ ವಾರಂಟಿ ಮುಗಿದಂತೆ, ದೋಷಕ್ಕೂ ವಾಯಿದೆ ಮುಗಿದಿರುತ್ತದೆ. ಹೊಗೆಗೆ ಅಂಥ ಷರತ್ತೇನೂ ಇಲ್ಲ.